ಕಾರ್ಖಾನೆ ಮುಚ್ಚಿತು, ವಿದ್ಯೆ ಎಲ್ಲಿ ಉಳಿಯಿತು?

ಮೈಸೂರಿನ ನಜರ್‌ಬಾದಿಗೆ ಒಂದು ವಿಚಿತ್ರವಾದ ಹುಟ್ಟುಕಥೆ ಇದೆ. 1787ರ ಸುಮಾರಿಗೆ ಟಿಪ್ಪು ಸುಲ್ತಾನರು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವದ ದಿಣ್ಣೆಗೆ ಸಾಗಿಸಿ ಹೊಸ ಕೋಟೆ ಕಟ್ಟಿಸಲು ತೊಡಗಿದರು. ಆ ಕೋಟೆಗೆ ಇಟ್ಟ ಹೆಸರೇ ನಜರ್‌ಬಾದ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಸುಲ್ತಾನರು ಹುತಾತ್ಮರಾದ ಮೇಲೆ ಅದೇ ಕಲ್ಲುಗಳು ಮತ್ತೆ ಮೈಸೂರಿಗೆ ಹಿಂದಿರುಗಿ ಹಳೆಯ ಕೋಟೆಯನ್ನು ಎಬ್ಬಿಸಲು ಬಳಕೆಯಾದವೆಂದು ಗೆಜೆಟಿಯರುಗಳು ಹೇಳುತ್ತವೆ. ಕೆಡವಿದ್ದೇಕೆ, ಕಟ್ಟಿದ್ದೇಕೆ ಎಂಬುದರ ಬಗ್ಗೆ ಇತಿಹಾಸಕಾರರು ವಾದ ಮಾಡುತ್ತಲೇ ಇರಲಿ. ನಮ್ಮನ್ನು ಕಾಡುವುದು ಬೇರೆ ಪ್ರಶ್ನೆ. ಕಲ್ಲುಗಳನ್ನು ಹೀಗೆ ಎರಡು ಸಲ ಹೊತ್ತವರಿದ್ದರು, ಎರಡು ಸಲ ಜೋಡಿಸಿದವರಿದ್ದರು. ಯಾವ ಕಲ್ಲು ಯಾವುದರ ಮೇಲೆ ಕೂರುತ್ತದೆಂದು ಬಲ್ಲ ಆ ಒಡ್ಡರ, ಕಲ್ಲುಕುಟಿಗರ ಲೆಕ್ಕವನ್ನು ಯಾರು ಬರೆದಿಟ್ಟರು?

ಇದೇ ಊರಿನಲ್ಲಿ ನಮ್ಮ ಕಣ್ಣೆದುರೇ ಇನ್ನೊಂದು ಕೋಟೆ ಎದ್ದು ಬಿತ್ತು. ಅದರ ಕಥೆಯಲ್ಲೂ ಈ ಪ್ರಶ್ನೆ ಹಾಗೇ ಇದೆ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಮೈಸೂರಿನ ಹಿರಿಯರು ಮರೆತಿಲ್ಲ. ಜಾವಾ ಮೂಲತಃ ಚೆಕ್ ದೇಶದ ಮೋಟಾರ್ ಸೈಕಲ್. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತಮ್ಮ ಹೆಸರಿನ ಮೊದಲ ಅಕ್ಷರಗಳನ್ನೂ ಆ ಕಂಪನಿಯ ಮೊದಲ ಅಕ್ಷರಗಳನ್ನೂ ಕೂಡಿಸಿ ಇಟ್ಟ ಹೆಸರು ಅದು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರುಕ್ ಇರಾನಿಯವರು ಮೈಸೂರಿನಲ್ಲಿ ಕಂಪನಿ ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ 250 ಸಿ.ಸಿ.ಯ ಜಾವಾ ಇಲ್ಲಿಂದ ಹೊರಬರತೊಡಗಿತು. ಇರಾನಿನಿಂದ ಬಂದ ಪಾರ್ಸಿ ಮನೆತನ, ಚೆಕ್ ದೇಶದ ನಕ್ಷೆ, ಮೈಸೂರಿನ ಅರಸರ ಹಸ್ತ, ಇಲ್ಲಿನ ಎಲ್ಲ ಜಾತಿ ಧರ್ಮಗಳ ಕಾರ್ಮಿಕರ ಬೆವರು ಸೇರಿ ಆ ಗಾಡಿ ತಯಾರಾಯಿತು.

1970ರ ದಶಕದಲ್ಲಿ ಚೆಕ್ ಹೆಸರು ಹೋಗಿ 'ಯೆಜ್ಡಿ' ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರೆಂದು ಕೆಲವರೆನ್ನುತ್ತಾರೆ. ಚೆಕ್ ಭಾಷೆಯಲ್ಲಿ 'ಸವಾರಿ ಮಾಡು' ಎನ್ನುವ ಪದಕ್ಕೆ ಹತ್ತಿರವಾದದ್ದೆಂದು ಇನ್ನು ಕೆಲವರ ವಾದ. ಎರಡೂ ನಿಜವಾಗಿದ್ದರೆ ಯಾರಿಗೇನು ನಷ್ಟ! 1978ರಲ್ಲಿ ಬಂದ ರೋಡ್‌ಕಿಂಗ್ ಒಂದು ತಲೆಮಾರಿನ ಹುಡುಗರ ಕನಸಾಗಿತ್ತು. ಇಲ್ಲಿ ತಯಾರಾದ ಗಾಡಿಗಳು ಹೊರದೇಶಗಳಿಗೂ ಹೋದವು.

ಈ ಗಾಡಿಯನ್ನು ನೋಡದ ಇಂದಿನ ಓದುಗರಿಗೆ ಎರಡು ಮಾತು ಹೇಳಬೇಕು. ಇದಕ್ಕೆ ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿ; ಸ್ಟಾರ್ಟ್ ಆದ ಮೇಲೆ ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಬೇಕು. ಎರಡು ಸ್ಟ್ರೋಕಿನ ಇಂಜಿನ್ ಆದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಜಾಮ್ ಆಗಿ ನಡುರಸ್ತೆಯಲ್ಲಿ ಹಿಂದಿನ ಚಕ್ರವೇ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗು ಕರಿಹಿಡಿದು, ಸೈಲೆನ್ಸರ್ ಕಟ್ಟಿಕೊಂಡು, ಹಿಂದೆ ಬರುವವರ ಶಾಪ. ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅದು ಕೂದಲೆಳೆಯಷ್ಟು ಆಚೀಚೆ ಆದರೂ ಗಾಡಿಯ ಗುಣವೇ ಬೇರೆ. ಇವೆಲ್ಲ ಕಂಪನಿಯ ಪುಸ್ತಕದಲ್ಲಿದ್ದವು. ಪುಸ್ತಕದಲ್ಲಿ ಇಲ್ಲದ್ದು ಇನ್ನೂ ಹೆಚ್ಚಿತ್ತು, ಅದು ಮೆಕ್ಯಾನಿಕ್‌ಗಳ ಕೈಯಲ್ಲಿತ್ತು.

1980ರ ದಶಕದ ನಡುವಿನಲ್ಲಿ ಗಾಳಿ ತಿರುಗಿತು. 1984ರಿಂದ 86ರ ನಡುವೆ ಸುಜುಕಿ, ಹೋಂಡಾ, ಯಮಹಾ, ಕವಾಸಾಕಿ ಎಂಬ ಜಪಾನಿ ಹೆಸರುಗಳು ಭಾರತದ ಕಂಪನಿಗಳ ಕೈಹಿಡಿದು 100 ಸಿ.ಸಿ.ಯ ಹಗುರ ಗಾಡಿಗಳನ್ನು ತಂದವು. ಪೆಟ್ರೋಲ್ ಕುಡಿಯುವ ಗಾಡಿಯನ್ನು ಮಧ್ಯಮ ವರ್ಗದ ಸಂಸಾರ ಎಷ್ಟು ದಿನ ಸಾಕೀತು? ಹೊಗೆಯ ಬಗ್ಗೆ ಸರ್ಕಾರದ ನಿಯಮಗಳು 1991ರಲ್ಲಿ ಬಂದು 1996ರಲ್ಲಿ ಇನ್ನಷ್ಟು ಬಿಗಿಯಾದವು. ಕಾರ್ಖಾನೆಯೊಳಗೆ ಕಾರ್ಮಿಕರ ಸಮಸ್ಯೆಯೂ ಬೆಳೆದಿತ್ತು. 1996ರಲ್ಲಿ ಬಾಗಿಲು ಮುಚ್ಚಿತು. ಬಾಕಿ ಹಣಕ್ಕಾಗಿ ಕಾರ್ಮಿಕರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಾವಾದ ಬಗ್ಗೆ ಅಭಿಮಾನದಿಂದ ಮಾತನಾಡುವವರು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆಂಬುದು ನಮ್ಮ ಅಸಮಾಧಾನ.

ಸಾಮಾನ್ಯವಾಗಿ ಕಂಪನಿ ಸತ್ತರೆ ಅದರ ಯಂತ್ರವೂ ಹತ್ತಿಪ್ಪತ್ತು ವರ್ಷಗಳಲ್ಲಿ ಗುಜರಿ ಸೇರುತ್ತದೆ. ಜಾವಾ ಸೇರಲಿಲ್ಲ. ಏಕೆ ಸೇರಲಿಲ್ಲ ಎನ್ನುವುದನ್ನು ಕೇಳಿಕೊಂಡರೆ ಉತ್ತರ ಗ್ಯಾರೇಜಿನಲ್ಲಿ ಸಿಗುತ್ತದೆ.

ನಜರ್‌ಬಾದಿನ ಒಂದು ಓಣಿಯಲ್ಲಿ ನಾವು ಬಲ್ಲ ಮೆಕ್ಯಾನಿಕ್ ಒಬ್ಬರಿದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು 'ಉಸ್ತಾದ್' ಎಂದೇ. ತಗಡಿನ ಮಾಡು, ಗೋಡೆಗೆ ಒರಗಿಸಿದ ಟ್ಯಾಂಕುಗಳು, ಡಾಲ್ಡಾ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಬೋಲ್ಟು ನಟ್ಟುಗಳು. ಗಾಡಿ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ, "ಕ್ರ್ಯಾಂಕಿನ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಎಂದುಬಿಡುತ್ತಿದ್ದರು. ಮೊದಲ ವರ್ಷ ಪಾನಾ ಎತ್ತಿಕೊಡುವುದು, ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯುವುದು ಬಿಟ್ಟು ಹುಡುಗರಿಗೆ ಬೇರೆ ಕೆಲಸವಿಲ್ಲ. ಎರಡನೆಯ ವರ್ಷ ಪಾಯಿಂಟ್ ಸರಿಮಾಡಲು ಬಿಡುತ್ತಿದ್ದರು. ಇಂಜಿನ್ ಬಿಚ್ಚಲು ಬಿಡುವಷ್ಟರಲ್ಲಿ ಹುಡುಗನಿಗೆ ಮೀಸೆ ಬಂದಿರುತ್ತಿತ್ತು. ಈ ಉಸ್ತಾದ್–ಶಾಗಿರ್ದ್ ಪದ್ಧತಿಯಲ್ಲಿ ಬೈಗುಳವಿತ್ತು, ಕೆಲವೊಮ್ಮೆ ಏಟೂ ಇತ್ತು, ಶಾಲೆ ಬಿಟ್ಟ ಮಕ್ಕಳ ದುಡಿಮೆಯೂ ಇತ್ತು. ಅದನ್ನು ನಾವು ಹಾಡಿಹೊಗಳುವುದಿಲ್ಲ. ಆದರೆ ವಿದ್ಯೆ ಕೈಯಿಂದ ಕೈಗೆ ದಾಟಿದ್ದು ಹಾಗೆಯೇ.

ಹವ್ಯಾಸವೆಂದರೆ ಹೊತ್ತು ಕಳೆಯುವ ಉಪಾಯವೆಂದು ತಿಳಿದವರಿಗೆ ಮೈಸೂರು ಬೇರೊಂದು ಉದಾಹರಣೆ ಕೊಡುತ್ತದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದಲೇ ಪುಟ್ಟ ರೇಡಿಯೋ ಕೇಂದ್ರ ನಡೆಸತೊಡಗಿದರು. 'ಆಕಾಶವಾಣಿ' ಎಂಬ ಹೆಸರು ರೂಢಿಗೆ ಬಂದದ್ದು ಅಲ್ಲಿಂದ. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಆಮೇಲೆ ಆ ಹೆಸರು ಇಡೀ ದೇಶದ ಬಾನುಲಿಗೆ ಬಂತು. ಒಬ್ಬರ ಮನೆಯ ಹವ್ಯಾಸಕ್ಕೆ ಕಟ್ಟಡ, ದಾಖಲೆ, ಸಿಬ್ಬಂದಿ ಸಿಕ್ಕಿದ್ದರಿಂದ ಅದು ಉಳಿಯಿತು. ಇಂದಿನ ಮೈಸೂರು ಆಕಾಶವಾಣಿ ಇರುವುದೂ ಯಾದವಗಿರಿಯಲ್ಲೇ. ಅದೇ ಬಡಾವಣೆಯ ಜಾವಾಕ್ಕೆ ಅಂಥ ಮನೆ ಸಿಗಲಿಲ್ಲ. ಕಾರ್ಖಾನೆಯ ನಕ್ಷೆ, ಕಾಗದಪತ್ರಗಳನ್ನು ಜೋಡಿಸಿಟ್ಟು ಸಾರ್ವಜನಿಕರಿಗೆ ತೋರಿಸುವ ಒಂದು ಕೋಣೆಯನ್ನು ನಾವು ಈ ಊರಿನಲ್ಲಿ ಕಂಡಿಲ್ಲ.

2000ದ ನಂತರ ಇಂಟರ್‌ನೆಟ್ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಅಪ್ಪನ ಹಳೆಯ ಜಾವಾವನ್ನು ಧೂಳು ಕೊಡವಿ ಹೊರತೆಗೆದರು. ಬಿಡಿಭಾಗ ಎಲ್ಲಿ ಸಿಗುತ್ತದೆ, ಮೂಲ ಬಣ್ಣ ಯಾವುದು, ಜಿಕೋವ್ ಕಾರ್ಬ್ಯುರೇಟರನ್ನು ಹೇಗೆ ಹೊಂದಿಸುವುದು ಎಂದು ಕೇಳಲು ಅವರು ಯಾಹೂ ಗುಂಪುಗಳಲ್ಲಿ, 2004ರಲ್ಲಿ ಆರಂಭವಾದ ಟೀಮ್-ಬಿಎಚ್‌ಪಿಯಂಥ ವಾಹನಪ್ರಿಯರ ವೇದಿಕೆಗಳಲ್ಲಿ ಸೇರಿದರು. ಈ ವೇದಿಕೆಗಳ ಸ್ವಭಾವ ನೋಡಿ. ಒಂದು ವಿಷಯಕ್ಕೆ ಒಂದು ಕಡತ. ಮೊದಲ ಪ್ರಶ್ನೆ ಮೇಲೆ, ಉತ್ತರಗಳು ಅದರ ಕೆಳಗೆ ವರ್ಷಾನುಗಟ್ಟಲೆ. ಐದು ವರ್ಷಗಳ ಮೇಲೆ ಬಂದವನೂ ಹುಡುಕಿ ಓದಬಹುದು. ತಪ್ಪು ಹೇಳಿದವನನ್ನು ಮುಂದಿನವನು ತಿದ್ದುತ್ತಾನೆ. ತಪ್ಪೂ ತಿದ್ದುಪಡಿಯೂ ಎರಡೂ ಉಳಿಯುತ್ತವೆ. ಕೇಳಿದ್ದನ್ನೇ ಮತ್ತೆ ಕೇಳಿದರೆ "ಮೊದಲು ಹುಡುಕಿ ನೋಡಿ" ಎಂದು ಗದರುವ ಹಿರಿಯರೂ ಅಲ್ಲಿದ್ದರು. ಹೆಚ್ಚುಕಡಿಮೆ ಅದೂ ಒಂದು ಗ್ಯಾರೇಜು, ಗದರುವ ಉಸ್ತಾದರ ಸಮೇತ!

ನಮ್ಮ ಓದುಗರಲ್ಲಿ ಮದರಸಾದ ಪರಿಚಯವಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹದೀಸ್ ಶಾಸ್ತ್ರದಲ್ಲಿ ಮಾತಿನಷ್ಟೇ ಮುಖ್ಯ ಅದರ 'ಇಸ್ನಾದ್', ಅಂದರೆ ಯಾರು ಯಾರಿಂದ ಕೇಳಿ ಹೇಳಿದರೆಂಬ ಸರಪಳಿ. ಕ್ರಿ.ಶ. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿಯವರು ಊರೂರು ಅಲೆದು ಈ ಸರಪಳಿಗಳನ್ನು ಪರೀಕ್ಷಿಸಿದರು. ಹೇಳಿದವನು ನಂಬಿಗಸ್ತನೇ, ಯಾರಿಂದ ಕೇಳಿದೆನೆನ್ನುತ್ತಾನೋ ಅವರನ್ನು ಅವನು ನಿಜವಾಗಿ ಭೇಟಿಯಾಗಿದ್ದನೇ ಎಂದು ವಿಚಾರಿಸಿದರು. ಧರ್ಮದ ವಿಷಯಕ್ಕೂ ಮೋಟಾರ್ ಸೈಕಲಿಗೂ ಹೋಲಿಕೆಯೇ ಎಂದು ಯಾರೂ ಮುನಿಸಿಕೊಳ್ಳಬೇಕಾಗಿಲ್ಲ. ತಿಳಿವಳಿಕೆ ಕೆಡದಂತೆ ದಾಟಬೇಕಾದರೆ ಏನು ಬೇಕೆಂದು ಆ ವಿದ್ವಾಂಸರಷ್ಟು ಆಳವಾಗಿ ಯೋಚಿಸಿದವರು ಕಡಿಮೆ.

ಯಂತ್ರದ ವಿಷಯದಲ್ಲೇ ಉದಾಹರಣೆ ಬೇಕೆಂದರೆ ಅಲ್ ಜಝರಿ ಇದ್ದಾರೆ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ಅರಸರ ಆಸ್ಥಾನದಲ್ಲಿದ್ದ ಈ ಯಂತ್ರಶಿಲ್ಪಿ, ದೊರೆಯ ಒತ್ತಾಯಕ್ಕೆ ಮಣಿದು, ತಾನು ಮಾಡಿದ ನೀರ್ಗಡಿಯಾರ, ನೀರೆತ್ತುವ ಯಂತ್ರ ಮುಂತಾದವುಗಳ ವಿವರವನ್ನು ಚಿತ್ರಗಳ ಸಮೇತ 1206ರಲ್ಲಿ ಬರೆದು ಮುಗಿಸಿದರು. ಯಾವ ಭಾಗ ಎಷ್ಟು ಉದ್ದ, ಯಾವ ಲೋಹ, ಹೇಗೆ ಜೋಡಿಸುವುದು ಎಂದೆಲ್ಲ ಇನ್ನೊಬ್ಬ ಕುಶಲಕರ್ಮಿ ಮಾಡಿಕೊಳ್ಳುವಂತೆ ಬರೆದರು. ಡೊನಾಲ್ಡ್ ಹಿಲ್ ಎಂಬ ವಿದ್ವಾಂಸರು 1974ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. 1976ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಅವರ ನೀರ್ಗಡಿಯಾರವನ್ನು ಮತ್ತೆ ಕಟ್ಟಿ ನಡೆಸಿದರು. 770 ವರ್ಷಗಳ ಹಿಂದಿನ ಯಂತ್ರ ಬರಹದಿಂದ ಎದ್ದು ಬಂತು. ನಮ್ಮ ಯಾದವಗಿರಿಯ ಯಂತ್ರಕ್ಕೆ ಇನ್ನೂ 70 ವರ್ಷ ತುಂಬಿಲ್ಲ.

ಇನ್ನು ಫೇಸ್‌ಬುಕ್ ಮತ್ತು ವಾಟ್ಸಪ್. 2010ರ ನಂತರ ಹವ್ಯಾಸಿಗಳು ಹಿಂಡುಹಿಂಡಾಗಿ ಅಲ್ಲಿಗೆ ಹೋದರು. ಒಂದು ಫೋಟೋ ಹಾಕಿದರೆ ಅರ್ಧ ಗಂಟೆಯಲ್ಲಿ ನೂರು ಮೆಚ್ಚುಗೆ. ಹಳೆಯ ವೇದಿಕೆಯಲ್ಲಿ ಒಂದು ಉತ್ತರಕ್ಕೆ ನಾಲ್ಕು ದಿನ ಕಾಯಬೇಕಿತ್ತು. ಆದರೆ ಇಲ್ಲಿ ಮಾತು ಹರಿಯುತ್ತದೆ, ನಿಲ್ಲುವುದಿಲ್ಲ. ಪೆಟ್ರೋಲಿಗೆ ಆಯಿಲ್ ಎಷ್ಟು ಎಂದು ಕೇಳಿದರೆ ಲೀಟರಿಗೆ 40 ಮಿ.ಲೀ. ಎಂದು ಒಬ್ಬ, 30 ಸಾಕೆಂದು ಇನ್ನೊಬ್ಬ, 'ಸೂಪರ್ ಬ್ರೋ' ಎಂದು ಹತ್ತು ಜನ. ಯಾವ ಆಯಿಲ್, ಹೊಸ ಪಿಸ್ಟನ್ನಿಗೋ ಹಳೆಯದಕ್ಕೋ ಎಂದು ಕೇಳುವವನಿಲ್ಲ. ಮರುವಾರ ಅದೇ ಪ್ರಶ್ನೆ, ಅದೇ ಗದ್ದಲ. ಫಾರ್ವರ್ಡ್ ಆಗಿ ಬಂದ ಮಾತಿಗೆ ಇಸ್ನಾದ್ ಎಲ್ಲಿಂದ ಬರಬೇಕು?

ಹಾಗೆಂದು ಹಳೆಯ ವೇದಿಕೆಗಳು ಅಮರವೆಂದು ನಂಬಿದವರೂ ಪಾಠ ಕಲಿತರು. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿತು. 2017ರಲ್ಲಿ ಫೋಟೋಬಕೆಟ್ ಎಂಬ ಕಂಪನಿ, ಪುಕ್ಕಟೆಯಾಗಿ ಇಟ್ಟುಕೊಂಡಿದ್ದ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಲು ದುಡ್ಡು ಕೇಳಿತು. ಜಗತ್ತಿನಾದ್ಯಂತ ಹಳೆಯ ಕಾರು, ರೇಡಿಯೋ, ಕ್ಯಾಮರಾ ಹವ್ಯಾಸಿಗಳ ಬರಹಗಳಲ್ಲಿ ಚಿತ್ರವಿದ್ದ ಕಡೆ ಖಾಲಿ ಚೌಕ ಉಳಿಯಿತು. "ಚಿತ್ರದಲ್ಲಿ ತೋರಿಸಿದಂತೆ ಈ ಬೋಲ್ಟನ್ನು ಬಿಗಿಮಾಡಿ" ಎಂಬ ವಾಕ್ಯವಿದೆ, ಚಿತ್ರವಿಲ್ಲ. ಯಾಹೂ ಗುಂಪುಗಳ ಹಳೆಯ ಸಂಗ್ರಹವನ್ನು 2019ರ ಡಿಸೆಂಬರಿನಲ್ಲಿ ತೆಗೆದುಹಾಕಿ, 2020ರ ಡಿಸೆಂಬರ್ 15ರಂದು ಇಡೀ ವ್ಯವಸ್ಥೆಯನ್ನೇ ಮುಚ್ಚಲಾಯಿತು. ಬೇರೆಯವರ ಜಮೀನಿನಲ್ಲಿ ಕಟ್ಟಿದ ಗುಡಿಸಲು. ಒಡೆಯ ಎಬ್ಬಿಸಿದ ದಿನ ಎದ್ದು ಹೋಗಬೇಕು. ಫೇಸ್‌ಬುಕ್ಕೂ ಅಂಥದೇ ಜಮೀನು.

ಇಲ್ಲಿಯವರೆಗೆ ಓದಿದವರು ನಾವು ಹಳೆಯ ವೇದಿಕೆಗಳ ಪಕ್ಷವೆಂದು ತೀರ್ಮಾನಿಸಿರಬಹುದು. ಪೂರ್ತಿ ಅಲ್ಲ. ಅದಕ್ಕೊಂದು ಕಾರಣವಿದೆ.

ಆ ವೇದಿಕೆಗಳ ಭಾಷೆ ಇಂಗ್ಲಿಷ್. ಕೀಲಿಮಣೆ ಬೇಕು, ಬರೆಯುವ ಅಭ್ಯಾಸ ಬೇಕು, ಕೂತು ಓದುವ ಪುರಸೊತ್ತು ಬೇಕು. ನಮ್ಮ ಉಸ್ತಾದರಿಗೆ ಮನೆಯಲ್ಲಿ ದಖ್ಖನಿ ಉರ್ದು, ಗಿರಾಕಿಗಳೊಂದಿಗೆ ಕನ್ನಡ. ಬರವಣಿಗೆ ಎಂದರೆ ಬಿಲ್ಲಿನ ಲೆಕ್ಕ ಅಷ್ಟೆ. ಅವರ ಕೆಲಸವನ್ನು ನೋಡಿ ಫೋಟೋ ತೆಗೆದುಕೊಂಡು ಹೋದವರು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದರು. ಆ ಬರಹಗಳಲ್ಲಿ ಅವರು 'ಲೋಕಲ್ ಮೆಕ್ಯಾನಿಕ್'. ಎಷ್ಟೋ ಕಡೆ ಹೆಸರೂ ಇಲ್ಲ. ಸರಪಳಿಯ ಮೊದಲ ಕೊಂಡಿಯೇ ಬಿಟ್ಟುಹೋದ ಮೇಲೆ ಅದನ್ನು ಇಸ್ನಾದ್ ಎನ್ನಲು ನಮಗೆ ಮನಸ್ಸು ಬಾರದು. ಒಮ್ಮೆ ಬೆಂಗಳೂರಿನಿಂದ ಬಂದ ತರುಣನೊಬ್ಬ, "ಸರ್, ನೆಟ್‌ನಲ್ಲಿ ಟೈಮಿಂಗ್ ಬೇರೆ ಥರ ಇಡಬೇಕು ಅಂತ ಬರೆದಿದ್ದಾರೆ" ಎಂದು ಮೊಬೈಲ್ ತೋರಿಸಿದ. ಉಸ್ತಾದರು ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: "ಬರೆದವರು ಬಿಚ್ಚಿದ್ದಾರಾ ಬೇಟಾ?"

ಈ ಉಸ್ತಾದರಿಗೆ ಬಾಗಿಲು ತೆರೆದದ್ದು ವಾಟ್ಸಪ್. ಬರೆಯಬೇಕಾಗಿಲ್ಲ, ಗುಂಡಿ ಒತ್ತಿ ಮಾತನಾಡಿದರೆ ಸಾಕು. ಹುಬ್ಬಳ್ಳಿಯಿಂದಲೋ ಕಾಸರಗೋಡಿನಿಂದಲೋ ಯಾರೋ ಇಂಜಿನ್ನಿನ ಸದ್ದನ್ನು ಮುದ್ರಿಸಿ ಕಳಿಸುತ್ತಿದ್ದರು. ಇವರು ಕಿವಿಗೆ ಹಿಡಿದು ಕೇಳಿ, ದಖ್ಖನಿ ಬೆರೆತ ಮೈಸೂರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನೂರಾರು ಜನ ಅವರ ಮಾತನ್ನು ಅವರ ದನಿಯಲ್ಲೇ ಕೇಳಿದರು. ನೆನಪಿನ ಶಕ್ತಿಯಿದ್ದ ಕಡೆ ಅವರಿಗೆ ಕೂರಲು ಜಾಗವಿರಲಿಲ್ಲ. ಜಾಗ ಸಿಕ್ಕಿದ ಕಡೆ ನೆನಪಿನ ಶಕ್ತಿಯಿಲ್ಲ. ಹಳೆಯ ವೇದಿಕೆಯೋ ಸಾಮಾಜಿಕ ಜಾಲತಾಣವೋ ಎಂಬ ಚರ್ಚೆಯಲ್ಲಿ ಈ ತೊಡಕು ಮುಖ್ಯವಾಗಬೇಕಿತ್ತು. ಚರ್ಚೆ ಮಾಡುವವರು ಸಾಮಾನ್ಯವಾಗಿ ಇಂಗ್ಲಿಷ್ ಬಲ್ಲವರೇ ಆದ್ದರಿಂದ ಅದು ಅವರ ಕಣ್ಣಿಗೆ ಬೀಳುವುದು ಅಪರೂಪ.

ಇದು ಬರಿಯ ಮಮಕಾರದ ಪ್ರಶ್ನೆಯಾಗಿಯೂ ಉಳಿದಿಲ್ಲ. 2018ರ ನವೆಂಬರಿನಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದಿತು, 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಇವು ನಾಲ್ಕು ಸ್ಟ್ರೋಕಿನವು. ಹಳೆಯ ಉಸ್ತಾದರ ವಿದ್ಯೆಗೂ ಇವಕ್ಕೂ ನಂಟಿಲ್ಲ. ಆದರೆ ಹೊಸ ಹೆಸರಿನ ಗದ್ದಲದಲ್ಲಿ ಹಳೆಯ ಗಾಡಿಯ ಮೇಲಿನ ಮೋಹ ಏರಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಸಂಖ್ಯೆಯ ನಡುವೆ 'ವಿಎ' ಅಕ್ಷರಗಳು. ವಾಹನ ಮೂಲ ಸ್ವರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಮೈಸೂರಿನ ಮೊದಲ ಜಾವಾಗಳು ಈಗ ಆ ವಯಸ್ಸು ದಾಟಿವೆ. ಆದರೆ 1960ರ ದಶಕದ ಗಾಡಿಯ ಮೂಲ ಸ್ವರೂಪ ಯಾವುದೆಂದು ಹೇಳುವವರು ಯಾರು? ಕಾರ್ಖಾನೆಯಿಲ್ಲ. ಅಲ್ಲಿ ದುಡಿದವರಿಗೆ ಎಂಬತ್ತರ ಮೇಲಾಯಿತು. ಫೇಸ್‌ಬುಕ್ಕಿನಲ್ಲಿ ಮಿಂಚುವ ಫೋಟೋಗಳಲ್ಲಿ ಮೂಲವೆಷ್ಟು, ಇತ್ತೀಚಿನ ಬಣ್ಣವೆಷ್ಟು ಎಂದು ತಿಳಿಯುವುದು ಕಷ್ಟ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ. ಹಳೆಯ ಗಾಡಿಗಳು ಸಾಲಾಗಿ ನಿಲ್ಲುವುದನ್ನು ನೋಡುವುದೇ ಸಂತೋಷ. ಜಾತಿ ಮತ ಕೇಳದೆ ಜನ ಒಬ್ಬರ ಗಾಡಿಯನ್ನು ಇನ್ನೊಬ್ಬರು ತಳ್ಳುವ ದೃಶ್ಯ ಈ ಕಾಲದಲ್ಲಿ ಸಣ್ಣದೇನಲ್ಲ. ಆದರೆ ಅಲ್ಲಿ ಭಾಷಣಕ್ಕೆ ಗಾಡಿಯ ಮಾಲೀಕರು ಸಿಗುತ್ತಾರೆ. ಮೆಕ್ಯಾನಿಕ್‌ಗಳು ಗಾಡಿಗಳ ಹಿಂದೆ ಪಾನಾ ಹಿಡಿದು ಕೂತಿರುತ್ತಾರೆ.

ನಮ್ಮ ಉಸ್ತಾದರು ಈಗಿಲ್ಲ. ಅವರು ತೀರಿಕೊಂಡ ಮೇಲೆ ಶಾಗಿರ್ದನ ಮೊಬೈಲಿನಲ್ಲಿ ಅವರ ದನಿಯ ಸಂದೇಶಗಳಿಗಾಗಿ ಹುಡುಕಿದೆವು. ಗುಂಪಿನಲ್ಲಿ ಯಾರೋ ಸಂದೇಶಗಳು ತಾವಾಗಿ ಅಳಿಸಿಹೋಗುವ ವ್ಯವಸ್ಥೆ ಹಾಕಿದ್ದರಂತೆ, ಮೊಬೈಲ್ ತುಂಬದಿರಲಿ ಎಂದು. ಅವನಿಗೆ ಖಾಸಗಿಯಾಗಿ ಕಳಿಸಿದ್ದವಷ್ಟೇ ಉಳಿದಿದ್ದವು. ಗ್ಯಾರೇಜಿನ ಬೆಂಚಿನ ಮೇಲೆ ಕೂತು ಒಂದೊಂದನ್ನೇ ಕೇಳಿ ಕನ್ನಡದಲ್ಲಿ ಬರೆದುಕೊಂಡೆವು. ಪ್ರತಿಯೊಂದರ ಪಕ್ಕ ಯಾರಿಗೆ ಹೇಳಿದ್ದು, ಯಾವ ಮಾಡೆಲಿಗೆ, ಯಾವ ದಿನ ಎಂದೂ ಹಾಕಿದೆವು. ಉಸ್ತಾದರು ಅದನ್ನು ಯಾರಿಂದ ಕಲಿತದ್ದೆಂದು ಶಾಗಿರ್ದನಿಗೆ ಗೊತ್ತಿದ್ದ ಕಡೆ ಆ ಹೆಸರನ್ನೂ ಬರೆದೆವು. ನಲವತ್ತು ಪುಟದ ಶಾಲೆ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿತು.

ಓಣಿಯ ತಿರುವಿನಲ್ಲಿ ಸದ್ದು ಕೇಳಿ ಕ್ರ್ಯಾಂಕಿನ ಬೇರಿಂಗ್ ಹೋಗಿದೆಯೆಂದು ಅವರು ಹೇಗೆ ಹೇಳುತ್ತಿದ್ದರು ಎಂಬ ತಲೆಬರಹ ಬರೆದು ಕೆಳಗೆ ಒಂದು ಪುಟ ಖಾಲಿ ಬಿಟ್ಟಿದ್ದೇವೆ. ಶಾಗಿರ್ದ್ ಹೇಳುತ್ತಾನೆ, "ನನಗೂ ಕೇಳಿಸುತ್ತೆ. ಆದರೆ ಬರೆಸೋದು ಹೇಗೆ ಅಂತ ಗೊತ್ತಿಲ್ಲ." ಮುಂದಿನ ಸಲ ಕ್ರ್ಯಾಂಕ್ ಕೆಟ್ಟ ಗಾಡಿ ಬಂದಾಗ ನಮಗೆ ಫೋನ್ ಮಾಡುತ್ತಾನಂತೆ.